ಕಾರ್ಬ್ಯುರೇಟರಿಗೆ ಅಮ್ಮ ವಿಭೂತಿ ಹಾಕಿದ್ದು

ಆಯುಧಪೂಜೆಯ ಬೆಳಿಗ್ಗೆ ಅಮ್ಮ ಕರ್ಪೂರದ ತಟ್ಟೆ ಹಿಡಿದು ನಮ್ಮ ಹಳೇ ಕಾರಿನ ಮುಂದೆ ನಿಂತಿದ್ದಳು. ಇನ್ನು ಕಡ್ಡಿ ಗೀರುವುದೊಂದೇ ಬಾಕಿ. ಅಷ್ಟರಲ್ಲಿ ನನ್ನ ಹೆಂಡತಿ ಶೈಲಾ ಓಡಿಬಂದು ಬೆಂಕಿಪೊಟ್ಟಣ ಕಿತ್ತುಕೊಂಡಳು.

"ಅತ್ತೆ, ಬೇಡ! ಪೆಟ್ರೋಲ್ ವಾಸನೆ ಬರ್ತಿದೆ!"

ಬಗ್ಗಿ ನೋಡಿದೆ. ಎಂಜಿನ್ನಿನ ಕೆಳಗೆ ನೆಲ ಒದ್ದೆ. (ಆಗಷ್ಟೇ ಇದೇ ಕಾರಿನಲ್ಲಿ ಗಾಂಧಿ ಬಜಾರಿಗೆ ಹೋಗಿ ಹೂವು, ಬೂದುಗುಂಬಳ ತಂದಿದ್ದೆ!)

ಅಮ್ಮ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. "ಅರ್ಧಕ್ಕೆ ನಿಂತ ಪೂಜೆ ಒಳ್ಳೇದಾ?" ಎಂದಷ್ಟೇ ಹೇಳಿ ಒಳಗೆ ಹೋದಳು. ಮುಖ ಸಣ್ಣದಾಗಿತ್ತು.

ಬಾನೆಟ್ ಎತ್ತಿದ ಕಾರಿನ ಸುತ್ತ ಎಲ್ಲರೂ ಡಾಕ್ಟರುಗಳೇ ಯಾಕಾಗುತ್ತಾರೆ? ನಮ್ಮ ರವೀಂದ್ರನಗರದ ಬೀದಿಯಲ್ಲಿ ಒಬ್ಬರು ಟ್ಯಾಂಕ್ ತೂತಾಗಿದೆ ಎಂದರು. ಇನ್ನೊಬ್ಬರು ಪೈಪು ಎಂದರು. ಮೂರನೆಯವರದು ನೇರ ತೀರ್ಪು: "ಮಾರಿಬಿಡಿ ಸಾರ್."

ಊಟಕ್ಕೆಂದು ಭದ್ರಾವತಿಯಿಂದ ಶೈಲಾಳ ತಮ್ಮ ಹಾಲೇಶ ಬಂದ. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಹಳೇ ಗಾಡಿಗಳೆಂದರೆ ಹುಚ್ಚು. ಬಂದವನೇ ಬ್ಯಾಟರಿಯ ವೈರ್ ಬಿಚ್ಚಿದ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಎಲ್ಲವನ್ನೂ ಬಟ್ಟೆಯಿಂದ ಒರೆಸಿದ.

"ತೊಟ್ಟಿಕ್ಕೋ ಜಾಗ ನೋಡಿ ಪ್ರಯೋಜನ ಇಲ್ಲ ಭಾವ. ಎಲ್ಲಿಂದ ಶುರುವಾಗುತ್ತೆ ನೋಡ್ಬೇಕು. ಅಕ್ಕಾ, ಸ್ವಲ್ಪ ಪೌಡರ್ ಕೊಡೇ. ಒದ್ದೆಯಾದ ಕಡೆ ಬಣ್ಣ ತಿರುಗುತ್ತೆ."

ಒಳಗಿನಿಂದ ಅಮ್ಮನ ದನಿ: "ಪೌಡರ್ ಯಾಕಪ್ಪಾ? ವಿಭೂತಿ ಇಲ್ವಾ?"

ವಿಭೂತಿಗಟ್ಟಿ ಕುಟ್ಟಿ ಪುಡಿಮಾಡಿಕೊಂಡೇ ಬಂದಳು. ಹಾಲೇಶ ಕೈಚಾಚಿದ. ಅಮ್ಮ ಕೊಡಲಿಲ್ಲ.

"ನಾನೇ ಹಾಕ್ತೀನಿ."

ಈಚೆಗೆ ಅಮ್ಮನ ಬೆರಳುಗಳು ನಡುಗುತ್ತವೆ. ನಾನು ಶೈಲಾಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಹಾಲೇಶ ಮಾತ್ರ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ನಡುಗುವ ಬೆರಳುಗಳಿಂದ ವಿಭೂತಿ ಜರಡಿ ಹಿಡಿದಂತೆ ತೆಳ್ಳಗೆ ಉದುರಿತು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಬೆಳ್ಳಗಾಯಿತು.

ಎಂಜಿನ್ ಓಡಿಸದೆಯೇ ಪೆಟ್ರೋಲ್ ಹರಿಯಲೆಂದು ಹಾಲೇಶ ಅದರ ಪಂಪಿನ ಸಣ್ಣ ಹಿಡಿಯನ್ನು ಕೈಯಿಂದಲೇ ಒತ್ತತೊಡಗಿದ. ಪೈಪಿನ ಜಾಯಿಂಟ್ ಬೆಳ್ಳಗೇ ಇತ್ತು. ನಾವೆಲ್ಲ ಅದನ್ನೇ ನೋಡುತ್ತಿದ್ದೆವು.

"ಅಲ್ಲಲ್ವೋ, ಇಲ್ಲಿ! ಮುಚ್ಚಳದ ಹತ್ರ ಕಪ್ಪಾಯ್ತು ನೋಡು!" ಎಂದಳು ಅಮ್ಮ.

ನಿಜ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ತುಂಬುವ ಪುಟ್ಟ ಬಟ್ಟಲಿನ ಮುಚ್ಚಳದ ಅಂಚಿನಿಂದ ಕಪ್ಪು ಗೆರೆಯೊಂದು ಕೆಳಗಿಳಿಯುತ್ತಿತ್ತು. ಬಟ್ಟಲು ತುಂಬಿ ಉಕ್ಕುತ್ತಿತ್ತು.

ಮುಚ್ಚಳ ಬಿಚ್ಚಿದರೆ ಒಳಗೊಂದು ಟೊಳ್ಳು ಹಿತ್ತಾಳೆಯ ಫ್ಲೋಟ್. ಬಟ್ಟಲು ತುಂಬಿದಾಗ ಅದು ಮೇಲೆ ತೇಲಿ ಪೆಟ್ರೋಲಿನ ದಾರಿ ಮುಚ್ಚಬೇಕು. ಹಾಲೇಶ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಅಮ್ಮನ ಕೈಗಿಟ್ಟ.

"ಒಳಗೆ ಗುಳುಗುಳು ಅಂತಿದೆಯಲ್ಲೋ!"

ಕಣ್ಣಿಗೆ ಕಾಣದ ತೂತಿನಿಂದ ಪೆಟ್ರೋಲ್ ಕುಡಿದು, ತೇಲಬೇಕಾದದ್ದು ಮುಳುಗಿ ಕೂತಿತ್ತು.

ಹಾಲೇಶನ ಭದ್ರಾವತಿ ನ್ಯೂಟೌನ್ ಮನೆಯ ಅಟ್ಟದಲ್ಲಿ ಇಂಥ ಬಿಡಿಭಾಗಗಳ ರಾಶಿಯೇ ಇದೆ. ನಾಳೆ ಬೇರೆ ಫ್ಲೋಟ್ ತರುತ್ತೇನೆಂದ. ಎಲ್ಲರೂ ಹೋಳಿಗೆಗೆ ಕೂತೆವು. ಶೈಲಾ ತುಪ್ಪ ಬಡಿಸುತ್ತಾ, "ಬೇಜಾರ್ ಮಾಡ್ಕೋಬೇಡಿ ಅತ್ತೆ, ನಂಗೆ ಭಯ ಆಯ್ತು" ಎಂದಳು.

"ನೀನು ಕಿತ್ಕೊಂಡಿದ್ದು ಸರೀನೇ ಮಾರಾಯ್ತಿ. ಆದ್ರೆ ಗ್ಯಾಸ್ ಹಚ್ಬೇಡಿ ಅಂದ್ರಿ. ಹಾಲು ಇಳಿಸ್ಬೇಡಿ ಅಂದ್ರಿ. ಈಳಿಗೆಮಣೆ ಅಟ್ಟಕ್ಕೆ ಹೋಯ್ತು. ಇನ್ನು ಕರ್ಪೂರವೂ ಇಲ್ವೇನೋ ಅನ್ಕೊಂಡೆ."

ನನ್ನ ಕೈಯಲ್ಲಿದ್ದ ಹೋಳಿಗೆ ಹಾಗೇ ಉಳಿಯಿತು. ಅಮ್ಮನಿಗೆ ನೋವಾಗಿದ್ದು ಪೂಜೆ ನಿಂತದ್ದಕ್ಕೆ ಎಂದುಕೊಂಡಿದ್ದೆವು. ಈ ಒಂದೊಂದು 'ಬೇಡಿ'ಯನ್ನೂ ನಾವು ಪ್ರೀತಿಯಿಂದಲೇ ಹೇಳಿದ್ದು. ಒಂದನ್ನಾದರೂ ಅವಳ ಜೊತೆ ಕೂತು ಮಾತಾಡಿದ್ದೆವಾ? ಇಲ್ಲ.

ಮರುದಿನ ಬೇರೆ ಫ್ಲೋಟ್ ಕೂತಿತು. ಎಂಜಿನ್ ಓಡಿಸಿ, ನಿಲ್ಲಿಸಿ, ಸುತ್ತ ಮೂಸಿ, ಒಣಗಿದ ನೆಲ ಮುಟ್ಟಿ ನೋಡಿದೆವು. ಆಮೇಲೆ ಶೈಲಾ ಬೆಂಕಿಪೊಟ್ಟಣವನ್ನು ಅಮ್ಮನ ಕೈಗಿಟ್ಟು, ತಟ್ಟೆಯನ್ನು ತಾನು ಹಿಡಿದಳು. ಮೊದಲ ಕಡ್ಡಿ ಮುರಿಯಿತು. ಯಾರೂ ಕೈ ಚಾಚಲಿಲ್ಲ. ಎರಡನೆಯದು ಹತ್ತಿತು.

ವಯಸ್ಸಾದವರ ಕೈಯಿಂದ ಏನನ್ನಾದರೂ ತೆಗೆದಿಡುವ ಮೊದಲು ಒಂದು ಮಾತು ಕೇಳಿದರೆ ನಮ್ಮ ಗಂಟೇನು ಹೋಗುತ್ತದೆ?