ಅವ್ವ ತೊಳೆದ ಕಂಪ್ಯೂಟರ್

ನಮ್ಮ ಅವ್ವ ಒಮ್ಮೆ ನನ್ನ ಕಂಪ್ಯೂಟರಿಗೆ ಬೂದಿ ಹಚ್ಚಿ, ತಿಕ್ಕಿ, ನಾಲ್ಕು ಕೊಡ ನೀರು ಹಾಕಿ ತೊಳೆದಳು. ಇಷ್ಟು ವರ್ಷವಾದ ಮೇಲೂ ಈ ಮಾತು ಬರೆಯುವಾಗ ಎದೆ ಧಸಕ್ಕೆನ್ನುತ್ತದೆ. ಆದರೆ ನಿಜವಾಗಿ ಹೌಹಾರುವ ಸರದಿ ಬಂದದ್ದು ಆ ನೀರು ಇಳಿದ ಮೇಲೆ. ಅದನ್ನು ಹೇಳಬೇಕಾದರೆ ಮೊದಲು ನನ್ನ ಹುಚ್ಚನ್ನು ಒಪ್ಪಿಕೊಳ್ಳಬೇಕು.

ನಾನು ಕುಷ್ಟಗಿಯ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಕೊಪ್ಪಳ ಜಿಲ್ಲೆಯಾದ ವರ್ಷ, ಅಂದರೆ ೧೯೯೭ರಲ್ಲಿ, ಹುಬ್ಬಳ್ಳಿಗೆ ಹೋಗಿ ಕಂಪ್ಯೂಟರ್ ತಂದೆ. ಕಂಪನಿಯ ಹೆಸರು ಬೇಡ. ಅದರ ಗುರುತು ಸಿಪಿಯು ಡಬ್ಬಿಯ ಮೇಲೆ ಅಂಟಿಸಿದ್ದ ಹೆಬ್ಬೆರಳಗಲದ ಕೆಂಪು ಗಾಳಿಪಟ. ಬರುವಾಗ ಬಸ್ಸಿನಲ್ಲಿ ಮಾನಿಟರಿಗೆ ಕಿಟಕಿ ಪಕ್ಕದ ಸೀಟು ಕೊಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಡತಿಯನ್ನು ಗದಗಿನವರೆಗೂ ನಿಲ್ಲಿಸಿಕೊಂಡು ಬಂದ ಮಹಾನುಭಾವ ನಾನು. ಆಕೆ ಅದನ್ನು ಇನ್ನೂ ಮರೆತಿಲ್ಲ.

ಆಮೇಲೆ ಯಾರಾದರೂ ಕಂಪ್ಯೂಟರ್ ಕೊಂಡರು ಎಂದರೆ ಸಾಕು, ಹೆಣ್ಣು ನೋಡಲು ಹೋದವರು ಮನೆತನ ವಿಚಾರಿಸಿದಂತೆ ಕಂಪನಿ ವಿಚಾರಿಸುತ್ತಿದ್ದೆ. ಬಿಡಿ ಸಾಮಾನು ತಂದು ಜೋಡಿಸಿದ್ದು ಎಂದು ಗೊತ್ತಾದರೆ ಅವರ ಮನೆಯ ಚಹಾ ಕೂಡ ನನಗೆ ಸಪ್ಪೆ. ಮಕ್ಕಳನ್ನು ಇಟಗಿಯ ಮಹಾದೇವ ಗುಡಿಗೆ ಕರೆದುಕೊಂಡು ಹೋದಾಗಲೂ ಬಿಡಲಿಲ್ಲ. ಶಾಸನದಲ್ಲಿ ಈ ಗುಡಿಯನ್ನು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದ್ದಾರೆ, ಕಟ್ಟಿಸಿದ ದಂಡನಾಯಕನ ಹೆಸರೂ ಇದೆ, ನೋಡಿರಿ, ಹೆಸರಿದ್ದರೆ ಒಂಬೈನೂರು ವರ್ಷ ಬಾಳಿಕೆ ಎಂದು ಪಾಠ ಹೇಳಿದೆ. ಹುಡುಗಿಯೊಬ್ಬಳು ಎದ್ದು, ಕಲ್ಲು ಕೆತ್ತಿದವರು ಯಾರು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಬಸ್ಸಿಗೆ ತಡವಾಯಿತು ಎಂದು ಎಲ್ಲರನ್ನೂ ಹೊರಡಿಸಿದೆ.

ಊರಿನಲ್ಲಿ ನನ್ನ ಎದುರಾಳಿ ಶೇಖರಪ್ಪ. ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವನು, ಆಮೇಲೆ ಬಸ್ ಸ್ಟ್ಯಾಂಡಿನ ಎದುರಿಗೇ ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿ ಹಾಕಿದ. ತಾನು ಮಾರಿದ ಪ್ರತಿಯೊಂದು ಸಾಮಾನಿಗೂ ಹೆಂಡತಿಯ ಗುಲಾಬಿ ಉಗುರುಬಣ್ಣದ ಒಂದು ಚುಕ್ಕೆ ಇಡುವುದು ಅವನ ರೂಢಿ. ನಾಳೆ ಕೆಟ್ಟು ವಾಪಸು ಬಂದರೆ ತನ್ನದೇ ಎಂದು ಗುರುತು ಸಿಗಬೇಕಲ್ಲ. ನಾನು ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಅವನದೇ ಚಹಾ ಕುಡಿಯುತ್ತ, ಅವನ ಗಿರಾಕಿಗಳಿಗೇ ಹೇಳುತ್ತಿದ್ದೆ: ಈ ಉಗುರುಬಣ್ಣದ ಕಂಪ್ಯೂಟರ್ ಯಾಕೆ, ನನ್ನದು ನೋಡಿ, ಇಷ್ಟು ವರ್ಷವಾದರೂ ಕುದುರೆ ಇದ್ದಂತಿದೆ. ಎಷ್ಟೋ ಗಿರಾಕಿಗಳು ಹಾಗೇ ಎದ್ದು ಹೋದರು. ಶೇಖರಪ್ಪ ಮಾತ್ರ ನಕ್ಕು ಸುಮ್ಮನಾಗುತ್ತಿದ್ದ. ನನ್ನದು ಕೆಟ್ಟಾಗ ಅವನ ಕೈಗೇ ಕೊಡುತ್ತಿದ್ದೆ, ಆದರೆ ಕಂಪನಿ ಸಾಮಾನೇ ತರಿಸಿ ಹಾಕಬೇಕೆಂಬ ಕರಾರಿನ ಮೇಲೆ. ಕಂಪನಿ ಸಾಮಾನು ಅವನ ಸಾಮಾನಿನ ದರದಲ್ಲೇ ಸಿಕ್ಕಾಗ ಅದನ್ನೂ ಕಂಪನಿಯ ದೊಡ್ಡತನ ಎಂದುಕೊಂಡೆ. ನಾನಾಗಿ ಒಂದು ದಿನವೂ ಡಬ್ಬಿ ತೆರೆದು ನೋಡಲಿಲ್ಲ.

ಒಂಬತ್ತು ವರ್ಷ ಹೀಗೇ ನಡೆಯಿತು. ಆ ದಸರೆಯ ಹೊತ್ತಿಗೆ ನಮ್ಮ ಸಾಲೆಗೆ ಹತ್ತು ಕಂಪ್ಯೂಟರ್ ಕೊಳ್ಳುವುದೆಂದು ಆಡಳಿತ ಮಂಡಳಿ ಗೊತ್ತು ಮಾಡಿತ್ತು. ರಜೆ ಮುಗಿದ ದಿನ ಸಭೆ. ಮಾಸ್ತರರು ಏನು ಹೇಳುತ್ತಾರೋ ಅದೇ ಆಗಲಿ ಎಂದು ಅಧ್ಯಕ್ಷರು ಹೇಳಿಬಿಟ್ಟಿದ್ದರು. ಶೇಖರಪ್ಪನಿಗೆ ಆ ಆರ್ಡರ್ ಸಿಕ್ಕರೆ ಅಂಗಡಿ ಉಳಿಯುತ್ತಿತ್ತು, ಇಲ್ಲದಿದ್ದರೆ ಬಾಗಿಲು ಹಾಕಿ ಗಂಗಾವತಿಯಲ್ಲಿ ಯಾರದೋ ಅಂಗಡಿಯಲ್ಲಿ ಕೈಕೆಳಗೆ ದುಡಿಯಬೇಕಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ತತ್ವ ತತ್ವವೇ ಎಂದು ಕೂತಿದ್ದೆ.

ಖಂಡೇ ಪೂಜೆಯ ದಿನ, ಅಂದರೆ ಆಯುಧ ಪೂಜೆಯಂದು, ಹೆಂಡತಿ ಯಲಬುರ್ಗಾದ ತವರಿನಲ್ಲಿದ್ದಳು. ಹಬ್ಬಕ್ಕೆ ಹಳ್ಳಿಯಿಂದ ಅವ್ವ ಬಂದಿದ್ದಳು. ಕುಡುಗೋಲು, ಕೊಡಲಿ, ಈಳಿಗೆ ಯಾವುದನ್ನೂ ತೊಳೆಯದೆ ದೇವರ ಮುಂದೆ ಇಟ್ಟವಳಲ್ಲ ಆಕೆ. ಮಗನ ಹತ್ಯಾರ ಯಾವುದು? ಕಂಪ್ಯೂಟರ್. ಹೂವು ತರಲು ಹೋದವನು ತಿರುಗಿ ಬಂದರೆ ಅಂಗಳದಲ್ಲಿ ಡಬ್ಬಿ ಬೋರಲು ಬಿದ್ದಿದೆ, ಅದರ ಸಂದಿಯಿಂದ ಬೂದಿನೀರು ಹನಿಯುತ್ತಿದೆ. ಹೂವಿನ ಪೊಟ್ಟಣ ಹಿಡಿದು ಬಾಗಿಲಲ್ಲೇ ನಿಂತೆ.

“ಯಾಕ್ ಹಂಗ ನಿಂತಿ? ಒಂಬತ್ತ ವರ್ಷದ ಧೂಳ ಇತ್ತು ಅದರಾಗ,” ಎಂದಳು ಅವ್ವ.

ನೀರು ಬಸಿಯಲೆಂದು ತಿರುಪು ಬಿಚ್ಚಿದೆ. ಒಳಗೆ ನೋಡಿದವನಿಗೆ ನೀರು ಮರೆತೇಹೋಯಿತು. ಮದರ್‌ಬೋರ್ಡಿನ ಮೇಲೆ ಒಂದು ಗುಲಾಬಿ ಚುಕ್ಕೆ. ಹಾರ್ಡ್ ಡಿಸ್ಕಿನ ಮೇಲೆ ಒಂದು. ಫ್ಯಾನಿನ ಮೇಲೆ ಒಂದು. ಗಾಳಿಪಟ ಹುಡುಕಿದೆ, ಹುಡುಕಿದೆ, ಎಲ್ಲಿಯೂ ಇಲ್ಲ. ಅಂಗಳದಲ್ಲೇ ಕುಕ್ಕರಿಸಿದೆ. ಯಾವುದನ್ನು ತೋರಿಸಿ ಶೇಖರಪ್ಪನ ಗಿರಾಕಿಗಳನ್ನು ಎಬ್ಬಿಸಿ ಕಳಿಸಿದ್ದೆನೋ ಅದು ಶೇಖರಪ್ಪನದೇ ಕಂಪ್ಯೂಟರ್ ಆಗಿತ್ತು. ಮೊದಲು ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ನಾಚಿಕೆ ಬಂತು, ಅದು ಇನ್ನೂ ಪೂರ್ತಿ ಇಳಿದಿಲ್ಲ.

ಮರುದಿನ ಸಂಜೆ ಬನ್ನಿ ಕೊಡುವ ಹೊತ್ತು. ವರ್ಷದ ಜಗಳವೆಲ್ಲ ಒಂದು ಎಲೆಯಲ್ಲಿ ಮುಗಿಸುವ ನಮ್ಮ ಕಡೆಯ ಪದ್ಧತಿ. ಶೇಖರಪ್ಪ ಎಂದಿನಂತೆ ಬಂದು, ಬನ್ನಿ ಕೊಟ್ಟು, ಬಂಗಾರದಂಗ ಇರೋಣ್ರಿ ಸರ್ ಎಂದು ಕಾಲು ಮುಟ್ಟಿದ. ಅಂಗಳದಲ್ಲಿ ಬಿಸಿಲಿಗೆ ಹರವಿದ್ದ ಸಾಮಾನು ಕಂಡಾಗ ಅವನ ಮುಖ ಬಿಳಿಚಿತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನಿಮ್ಮ ಕಂಪನಿ ಮುಚ್ಚಿ ಭಾಳ ವರ್ಷ ಆತ್ರಿ,” ಎಂದ. “ಮೊದಲನೇ ಸಲನ ಹೇಳಾಕ ಬಂದಿದ್ದೆ. ಅವತ್ತ ನೀವು ಗಂಗಾವತಿ ಷಡ್ಡಕರಿಗೆ ಕಂಪ್ಯೂಟರ್ ತೋರಸಾಕತ್ತಿದ್ರಿ. ನಿಮ್ಮ ಮಾರಿ ನೋಡಿ ಬಾಯಿ ಬರಲಿಲ್ರಿ.”

ಈಗ ಸಾಲೆಯ ಆರ್ಡರ್ ಹೋಗುವಾಗಲಾದರೂ ಹೇಳಬಹುದಿತ್ತಲ್ಲ ಎಂದೆ.

“ಆರ್ಡರ್ ಇನ್ನೊಂದ ಬರ್ತೈತ್ರಿ. ಮಂದ್ಯಾಗ ನಿಮ್ಮ ಮಾನ ಹೋದ್ರ ನಾ ಎಲ್ಲಿಂದ ತಂದ ಹಾಕ್ಲಿ?”

ಬಿಡಿ ಸಾಮಾನಿನ ವ್ಯಾಪಾರಿ ಹಾಗೆ ಹೇಳಿ ತಲೆ ತಗ್ಗಿಸಿದ. ನನಗೆ ಇಟಗಿಯ ಗುಡಿಯಲ್ಲಿ ಪ್ರಶ್ನೆ ಕೇಳಿದ ಹುಡುಗಿ ನೆನಪಾದಳು.

ನಾಲ್ಕು ದಿನ ಒಣಗಿಸಿ ಅವನೇ ಜೋಡಿಸಿದ. ಗುಂಡಿ ಒತ್ತಿದರೆ, ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು! ನೀರಿನಿಂದ ಎಂದಾದರೂ ಯಾರಾದರೂ ಕೆಟ್ಟಿದ್ದಾರೇನು ಎಂದು ಅವ್ವ ನನ್ನನ್ನೇ ಬೈದಳು. ಹೌಹಾರುವುದಕ್ಕೂ ಒಂದು ಮಿತಿ ಇರಬೇಕಂತೆ.

ಸಭೆಯಲ್ಲಿ ಅಧ್ಯಕ್ಷರು, ಯಾವ ಕಂಪನಿಯದು ತರೋಣ ಹೇಳಿ ಎಂದರು. ಎದ್ದು ನಿಂತೆ. “ಶೇಖರಪ್ಪನ ಕಂಪನಿದು,” ಎಂದೆ, ಮತ್ತು ಬೂದಿಯಿಂದ ಬನ್ನಿಯವರೆಗೆ ಎಲ್ಲವನ್ನೂ ಹೇಳಿದೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾನ ಹೋಯಿತು ಎಂದುಕೊಂಡೆ; ಹೋದ ಮೇಲೆ ನೋಡಿದರೆ ಅಷ್ಟೇನೂ ಭಾರದ್ದಾಗಿರಲಿಲ್ಲ. ಹತ್ತೂ ಕಂಪ್ಯೂಟರು ಗುಲಾಬಿ ಚುಕ್ಕೆಯವೇ ಬಂದವು.

ಆ ಗಾಳಿಪಟ? ತೊಳೆಯುವಾಗ ಕಿತ್ತುಬಂದದ್ದನ್ನು ಅವ್ವ ಎಸೆದಿರಲಿಲ್ಲ. ಕೆಂಪಗೆ ಛಲೋ ಐತಿ ಎಂದು ಗಂಜಿ ಹಚ್ಚಿ ಜೋಳದ ಹಿಟ್ಟಿನ ಡಬ್ಬಿಗೆ ಅಂಟಿಸಿದ್ದಳು. ದೀಪಾವಳಿಗೆ ಬಂದ ಗಂಗಾವತಿಯ ಷಡ್ಡಕರು ಮೂರನೆಯ ರೊಟ್ಟಿ ಮುರಿಯುತ್ತ ಡಬ್ಬಿಯನ್ನು ನೋಡಿ, ರೊಟ್ಟಿ ಭಾಳ ಮೆತ್ತಗ ಆಗ್ಯಾವು, ಹಿಟ್ಟು ಯಾವ ಕಂಪನಿದು ಎಂದು ಕೇಳಿದರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ನನ್ನ ಕಡೆ ನೋಡಿದಳು. ನಾನು ತಲೆ ಎತ್ತದೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.