ದಿನಕ್ಕೆ ಇಪ್ಪತ್ತು ಕಿಲೋಮೀಟರ್

ಕೊಪ್ಪಳದಲ್ಲಿ ನನ್ನದೊಂದು ಔಷಧಿ ಅಂಗಡಿ. ಚೀಟಿ ನೋಡಿ ಗುಳಿಗೆ ಕೊಡುವವನು ನಾನು, ಆದರೆ ಓಣಿಯ ಜನ ಡಾಕ್ಟ್ರ ಎಂದೇ ಕರೆಯುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ. ನಿಜ ಹೇಳಬೇಕೆಂದರೆ ಆ ಹೆಸರು ನನಗೆ ಹಿತವಾಗಿಯೇ ಇತ್ತು.

ಪಕ್ಕದ್ದು ದರ್ಜಿ ಅಂಗಡಿ. ಅದರ ಮಾಲೀಕರನ್ನು ನಾನು ಭಾಯಿ ಎನ್ನುತ್ತಿದ್ದೆ. ಇಬ್ಬರಿಗೂ ಐವತ್ತೈದು ದಾಟಿತ್ತು, ಇಬ್ಬರಿಗೂ ಸಕ್ಕರೆ ಕಾಯಿಲೆ ಹತ್ತಿತ್ತು. ಅದಕ್ಕೇ ಹಳೆಯ ಸೈಕಲ್‌ಗಳನ್ನು ರಿಪೇರಿ ಮಾಡಿಸಿ ಬೆಳಗಿನ ಹೊತ್ತು ತುಳಿಯತೊಡಗಿದೆವು. ಒಂದು ಭಾನುವಾರ ಹುಲಿಗಿಯವರೆಗೆ ಹೋಗಿ ಹೊಳೆ ದಂಡೆಯಲ್ಲಿ ಕೂತಿದ್ದಾಗ ಭಾಯಿ ಹೇಳಿದರು:

"ಡಾಕ್ಟ್ರ, ಈ ನೀರು ಮೂಡಣ ಸಮುದ್ರಕ್ಕ ಹೋಗತೈತಿ. ನಾವು ಪಡುವಣದ್ದಕ್ಕ ಹೋಗೂಣೇನು? ನಾ ಇನ್ನೂ ಸಮುದ್ರಾನ ನೋಡಿಲ್ರಿ."

ಅಂದಿನಿಂದ ಭಾಯಿ ತಯಾರಿಗೆ ಇಳಿದರು. ಅಂಗಿಯ ಅಳತೆ ತೆಗೆಯುವ ಕಂದು ಕಾಗದದ ಮೇಲೆ ಗೋಕರ್ಣದಿಂದ ಮುರ್ಡೇಶ್ವರದವರೆಗಿನ ಕರಾವಳಿ ಬರೆದರು. ಅವರ ಸಂಬಂಧಿಯೊಬ್ಬ ಗಂಗಾವತಿಯಿಂದ ಆ ಕಡೆಗೆ ಅಕ್ಕಿ ಲಾರಿ ಓಡಿಸುತ್ತಿದ್ದ. ಅವನನ್ನು ಕೂರಿಸಿಕೊಂಡು ಒಂದೊಂದೇ ಕೇಳಿದರು. ಹೆದ್ದಾರಿ ಬಿಟ್ಟರೆ ಒಳದಾರಿ ಯಾವುದು, ಏರು ಎಲ್ಲಿ, ನೆರಳು ಎಲ್ಲಿ, ತದಡಿಯಲ್ಲಿ ಸೈಕಲ್‌ಗಳನ್ನು ದೋಣಿಗೆ ಹಾಕಿಕೊಳ್ಳುತ್ತಾರೋ ಇಲ್ಲವೋ. ಮಧ್ಯಾಹ್ನದ ಗಾಳಿ ಹೆಚ್ಚಾಗಿ ಬಡಗಣದ ಕಡೆಯಿಂದ ಬರುತ್ತದೆಂದು ಅವನು ಹೇಳಿದ ಮೇಲೆ, ಗಾಳಿ ಬೆನ್ನಿಗಿರಲಿ ಎಂದು ಉತ್ತರದಿಂದ ದಕ್ಷಿಣಕ್ಕೇ ಹೋಗುವುದೆಂದು ತೀರ್ಮಾನಿಸಿದರು. ಕಾಗದದ ತಲೆಯ ಮೇಲೆ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಎಂದು ಬರೆದರು.

ನಾನು ಅದನ್ನು ಹೊಡೆದುಹಾಕಿ ನಲವತ್ತೈದು ಮಾಡಿದೆ. "ಇಪ್ಪತ್ತು ಅಂದ್ರ ಸಾಲಿ ಮಕ್ಕಳೂ ತುಳೀತಾವ್ರಿ ಭಾಯಿ."

"ನಾವೇನು ಪಂದ್ಯಕ್ಕ ಹೊಂಟೀವೇನ್ರಿ?" ಎಂದರು. ಆದರೂ ನನ್ನ ಮಾತಿಗೆ ಎದುರಾಡಲಿಲ್ಲ.

ದೂರ ರೂಢಿಯಾಗಲೆಂದು ಒಂದು ದಿನ ಇಟಗಿಗೆ ಹೋಗಿಬರಲು ಹೊರಟೆವು. ಇದೂ ನನ್ನದೇ ಹಟ. ಇಟಗಿ ಮುಟ್ಟಿ ಗುಡಿಯ ಮೆಟ್ಟಿಲ ಮೇಲೆ ಕೂತಾಗ ಭಾಯಿ ಎದೆ ನೀವಿಕೊಳ್ಳುತ್ತಿದ್ದರು. ಬಿಸಿಲಿನ್ನೂ ಏರಿರಲಿಲ್ಲ, ಅಂಗಿ ಮಾತ್ರ ಬೆವರಿನಿಂದ ತೊಯ್ದಿತ್ತು.

"ಎದಿ ಭಾರ ಆದಂಗ ಆಗಾಕ್ಹತ್ತೈತ್ರಿ."

"ಮುಂಜಾನೆ ಮಿರ್ಚಿ ತಿಂದೀರಲ್ಲ, ಗ್ಯಾಸ್ ಅದು," ಎಂದು ನನ್ನ ಚೀಲದಿಂದ ಒಂದು ಗುಳಿಗೆ ತೆಗೆದುಕೊಟ್ಟೆ. ಭಾಯಿ ಏನೆಂದು ಕೇಳದೆ ನುಂಗಿದರು. "ಡಾಕ್ಟ್ರು ಕೊಟ್ಟ ಮ್ಯಾಲ ಮುಗೀತು," ಎಂದು ಎದ್ದು ಸೈಕಲ್ ಹತ್ತಿದರು.

ಮೂವತ್ತು ವರ್ಷ ಎದೆನೋವಿನ ಚೀಟಿಗಳನ್ನು ಓದಿದವನು ನಾನು. ಸಕ್ಕರೆ ಕಾಯಿಲೆಯ ಮನುಷ್ಯ ಹಾಗೆ ಬೆವತು ಎದೆ ಭಾರ ಎಂದರೆ ಏನೆಂದು ನನಗೆ ತಿಳಿಯದ್ದಲ್ಲ. ಮನಸ್ಸಿನ ಮೂಲೆಯಲ್ಲಿ ಆ ಅನುಮಾನ ಸುಳಿದೇ ಇತ್ತು. ಅಂಗಡಿ ತೆಗೆಯುವ ಹೊತ್ತಿಗೆ ವಾಪಸಾಗಬೇಕೆಂಬ ಚಿಂತೆ ಅದನ್ನು ಅದುಮಿತು.

ಅರ್ಧ ತಾಸಿನೊಳಗೆ ಭಾಯಿ ಜೋಳದ ಹೊಲದ ಬದುವಿಗೆ ಸೈಕಲ್ ಬೀಳಿಸಿ ಕುಸಿದು ಕೂತರು. ಉಳ್ಳಾಗಡ್ಡಿ ಚೀಲ ಹೇರಿಕೊಂಡು ಬರುತ್ತಿದ್ದ ಟೆಂಪೊ ಒಂದು ನಮ್ಮನ್ನು ಕೊಪ್ಪಳದ ದವಾಖಾನೆಗೆ ತಂದಿತು. ನೋವು ಯಾವಾಗ ಶುರುವಾಯಿತೆಂದು ಡಾಕ್ಟರು ಕೇಳಿದರು. ಹೇಳಿದೆ. "ಇಲ್ಲೀತನಕ ಏನ್ ಮಾಡಾಕ್ಹತ್ತಿದ್ರಿ?" ಎಂದರು. ನಾನು ಗುಳಿಗೆಯ ಸುದ್ದಿ ಎತ್ತಲಿಲ್ಲ.

ಭಾಯಿ ಬದುಕಿದರು. ಆದರೆ ಹೃದಯದ ಒಂದು ಭಾಗ ಸತ್ತುಹೋಗಿತ್ತು. ಸೈಕಲ್ ಬೇಡ, ನಿಧಾನಕ್ಕೆ ನಡೆದಾಡಿ ಎಂದು ಡಾಕ್ಟರು ಹೇಳಿ ಕಳಿಸಿದರು. "ಅಣ್ಣಾರ, ನೀವು ಜೋಡಿ ಇದ್ರಿ ಅಂತ ಉಳದ್ರು," ಎಂದು ಅವರ ಹೆಂಡತಿ ನನ್ನೆದುರು ಕಣ್ಣೀರು ಹಾಕಿದರು. ಆ ಮಾತು ಕೇಳಿದ ಮೇಲೆ ನಾನು ಅವರ ಮನೆಗೆ ಹೋಗುವುದನ್ನೇ ಬಿಟ್ಟೆ.

ಎರಡು ತಿಂಗಳ ಮೇಲೆ, ಕುಷ್ಟಗಿಯಲ್ಲಿ ಮಾಸ್ತರಿಕೆ ಮಾಡುವ ಅವರ ಮಗಳು ನನ್ನ ಅಂಗಡಿಗೆ ಬಂದು ಆ ಕಂದು ಕಾಗದವನ್ನು ಹರಡಿದಳು.

"ಕಾಕಾ, ಅಬ್ಬಾ ಕಳಿಸ್ಯಾರ. ಅವರ ಸೈಕಲ್ ನಾ ತುಳೀತೀನಿ. ಅವರು ಬಸ್ಸಿನ್ಯಾಗ ಮುಂದ ಹೋಗಿ ಒಂದೊಂದು ಊರಾಗ ಕಾಯತಾರಂತ. ದಿನಕ್ಕ ಎಷ್ಟು ದೂರ ಅಂತ ನಿಮ್ಮನ್ನ ಕೇಳಂದ್ರು."

ನಾನು ಬರೆದ ನಲವತ್ತೈದು ಹಾಗೇ ಇತ್ತು. ಅದನ್ನು ಕಂಡು ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಪಕ್ಕದ ಅಂಗಡಿಗೆ ಹೋದೆ. ಭಾಯಿ ಗುಂಡಿ ಹಚ್ಚುತ್ತಿದ್ದರು.

"ಭಾಯಿ, ಅವತ್ತು ಗ್ಯಾಸ್ ಅಲ್ಲ ಅಂತ ನನಗ ಅನುಮಾನ ಬಂದಿತ್ರಿ. ಹೊತ್ತಾಗತೈತಿ ಅಂತ ಸುಮ್ಮನಾದೆ. ದವಾಖಾನ್ಯಾಗೂ ಹೇಳಲಿಲ್ಲ."

ಭಾಯಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನ್ನತ್ತ ತಿರುಗಿದರು. "ನೀ ಅವತ್ತಽ ಹೇಳಬೇಕಿತ್ತು," ಎಂದರು. ಇಪ್ಪತ್ತು ವರ್ಷದ ಒಡನಾಟದಲ್ಲಿ ನನಗೆ ಅವರು ನೀ ಎಂದದ್ದು ಅದೇ ಮೊದಲು. ಮತ್ತೆ ಸೂಜಿ ಎತ್ತಿಕೊಂಡರು.

ಹದಿನೈದು ದಿನ ಮಾತಿಲ್ಲ. ಅಂಗಡಿಯ ಬಾಗಿಲು ತೆಗೆಯುವಾಗ ಎದುರಾದರೂ ಮುಖ ತಿರುಗಿಸುತ್ತಿದ್ದರು. ಅದು ನ್ಯಾಯವೇ ಎಂದುಕೊಂಡೆ. ಹದಿನಾರನೆಯ ದಿನ ಅಳತೆಪಟ್ಟಿ ಹಿಡಿದು ನನ್ನ ಅಂಗಡಿಗೆ ಬಂದರು. "ಸೈಕಲ್ಲಿಗೆ ಕಟ್ಟೋ ಚೀಲ ಹೊಲೀಬೇಕು. ಎಷ್ಟು ಉದ್ದ ಇರಲಿ?" ಎಂದರು. ನಾನು ಆ ಕಾಗದ ತೆಗೆದು ನನ್ನ ಅಂಕಿ ಹೊಡೆದುಹಾಕಿ, ಅವರದನ್ನೇ ಮತ್ತೆ ಬರೆದೆ.

ಜನವರಿಯಲ್ಲಿ ಸೈಕಲ್‌ಗಳು ಆ ಸಂಬಂಧಿಯ ಲಾರಿಯಲ್ಲಿ ಅಕ್ಕಿ ಮೂಟೆಗಳ ಮೇಲೆ ಹೋದವು, ನಾವು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ. ಗೋಕರ್ಣದಲ್ಲಿ ಭಾಯಿ ಪ್ಯಾಂಟು ಮಡಚಿ ಮೊಣಕಾಲಿನವರೆಗೆ ನೀರಿಗಿಳಿದು, ಸೂರ್ಯ ಮುಳುಗುವವರೆಗೂ ನಿಂತರು. ಮಗಳು ಕೈ ಹಿಡಿದುಕೊಂಡಿದ್ದಳು. ಮರುದಿನದಿಂದ ಅವಳೂ ನಾನೂ ನಸುಕಿನಲ್ಲೇ ಹೊರಡುತ್ತಿದ್ದೆವು. ಕುಮಟಾ, ಹೊನ್ನಾವರ, ಎಲ್ಲ ಬಸ್ ನಿಲ್ದಾಣಗಳಲ್ಲೂ ಭಾಯಿ ಚೀಲ ತೊಡೆಯ ಮೇಲಿಟ್ಟುಕೊಂಡು ನಮ್ಮ ದಾರಿ ನೋಡುತ್ತಿದ್ದರು.

ಮುರ್ಡೇಶ್ವರಕ್ಕೆ ಮೊದಲು, ಸಮುದ್ರದ ಪಕ್ಕದ ಒಂದು ಸಪಾಟು ದಾರಿಯಲ್ಲಿ ಅವರು ಬಸ್ಸಿಳಿದು ನಿಂತಿದ್ದರು. "ಇಲ್ಲೊಂದೀಟು ತುಳೀತೀನ್ರಿ. ಏರೇನಿಲ್ಲ," ಎಂದರು. ಮಗಳು ನನ್ನ ಮುಖ ನೋಡಿದಳು.

"ಬ್ಯಾಡ್ರಿ ಭಾಯಿ," ಎಂದೆ.

ಅವರ ಮುಖ ಸಣ್ಣದಾಯಿತು. ಜಗಳಕ್ಕೆ ಬರುತ್ತಾರೆಂದುಕೊಂಡೆ. ಬರಲಿಲ್ಲ. ಮಗಳ ಕೈಯಿಂದ ಸೈಕಲ್ ತೆಗೆದುಕೊಂಡು, ಹ್ಯಾಂಡಲ್ ಹಿಡಿದು ತಳ್ಳುತ್ತ ನಡೆದರು. ನಾನೂ ನನ್ನದನ್ನು ತಳ್ಳುತ್ತ ಪಕ್ಕದಲ್ಲಿ ನಡೆದೆ. ತೆಂಗಿನ ಮರಗಳ ಸಾಲು ಮುಗಿಯುವವರೆಗೆ ಹೋದೆವು.

ಈಗ ಬೆಳಗ್ಗೆ ಇಬ್ಬರೂ ಕೋಟೆಯ ಕಡೆಗೆ ನಡೆಯುತ್ತೇವೆ. ಮೊದಲಿನಷ್ಟು ಮಾತಿಲ್ಲ. ಅವರು ನಿಂತರೆ ನಾನೂ ನಿಲ್ಲುತ್ತೇನೆ, ಯಾಕೆ ನಿಂತಿರಿ ಎಂದು ಕೇಳುತ್ತೇನೆ. ಬೂಟಿನ ದಾರ ಬಿಚ್ಚಿದೆ ಎಂದರೂ, ಅವರು ಕಟ್ಟಿ ಮುಗಿಸುವವರೆಗೆ ಅವರ ಮುಖವನ್ನೇ ನೋಡುತ್ತಿರುತ್ತೇನೆ.