ಹಗ್ಗ ಹಿಡಿದವರ ಪಾಲು

ಇವತ್ತು ಅಂಕೋಲೆಯ ಮೀನುಪೇಟೆಯಲ್ಲಿ ಒದ್ದೆ ಹಗ್ಗದ ಉಪ್ಪು ವಾಸನೆ ಮೂಗಿಗೆ ಬಡಿಯಿತು.

ಚಿಕ್ಕವಳಿದ್ದಾಗ, ಕಾಡಿನ ನಡುವಿನ ರಾಮನಗುಳಿಯಿಂದ ಕಡಲತೀರದ ಹಾರವಾಡಕ್ಕೆ ಬಂದ ಹೊಸದರಲ್ಲಿ ಸಮುದ್ರವೆಂದರೆ ನನಗೆ ಜೀವ ಹೋಗುತ್ತಿತ್ತು. ಕೊಂಕಣಿಯಲ್ಲಿ ಕೂಗಾಡುತ್ತ ದಡಕ್ಕೆ ಬಲೆ ಎಳೆಯುವವರನ್ನು ಕಂಡರೆ ಇನ್ನೂ ಹೆಚ್ಚು ಹೆದರಿಕೆ. ಒಂದು ಸಂಜೆ ಹಗ್ಗ ಎಳೆಯುತ್ತಿದ್ದ ಮುದುಕಿಯೊಬ್ಬಳು ತೆರೆ ಬಂದಾಗಲೆಲ್ಲ ಹಿಂದೆ ಸರಿಯುವುದು ಕಂಡಿತು. ಹತ್ತಿರ ಹೋಗಿ ಕೇಳಿಬಿಟ್ಟೆ: "ಅಜ್ಜೀ, ನಿಂಗೂ ಹೆದ್ರಿಕೆ ಆಗ್ತದಾ?"

"ಆಗ್ದೇ ಏನು? ನನ್ನ ಗಂಡನ್ನ ನುಂಗಿದ್ದು ಇದೇ ಸಮುದ್ರ. ಅದ್ಕೇ ಎಲ್ಲಾ ಸೇರಿ ಎಳೂದು. ನೀನೂ ಹಿಡಿ ತಂಗೀ."

ಕಣ್ಣು ಮುಚ್ಚಿ ಹಿಡಿದೆ. ಬಲೆ ದಡಕ್ಕೆ ಬಂದಾಗ ಅಜ್ಜಿ ನನ್ನ ಫ್ರಾಕಿನ ಮಡಿಲಿಗೆ ಬಂಗಡೆ ಮೀನು ಸುರಿದು, "ಹಗ್ಗ ಹಿಡ್ದವ್ರಿಗೆಲ್ಲಾ ಪಾಲು ಅದೆ" ಎಂದಳು.

ಸಮುದ್ರದ ಭಯ ಇವತ್ತಿಗೂ ಹೋಗಿಲ್ಲ. ಆದರೆ ಯಾರಾದರೂ ಊರು ಯಾವುದೆಂದು ಕೇಳಿದರೆ ಬಾಯಿಗೆ ಹಾರವಾಡವೇ ಬರುತ್ತದೆ.